ಮಗಳ ಯೂರಿನ್‌ನಲ್ಲಿ ಅಲ್ಬುಮಿನ್ 46 ಬಂದಿದೆ, ನಿಮ್ಮ ಮಕ್ಕಳಿಗೂ ಹೀಗಾಗಿತ್ತಾ?

ಕೇಳ್ತಿರೋದು, ಹದಿಮೂರರ ಹುಡುಗಿ ಅಮ್ಮ:
ಅವಳಿಗೆ ಟೈಪ್ 1 ಡಯಾಬಿಟಿಸ್, ಆರು ವರ್ಷ ಆಯ್ತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) 8.4. ಈ ಸಲ ಕಿಡ್ನಿಯಿಂದ ಯೂರಿನ್‌ಗೆ ಸೋರೋ ಪ್ರೋಟೀನ್ ಅಳೆಯೋ ಅಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ 46, 30ರ ಒಳಗಿರ್ಬೇಕಿತ್ತು. ಕಣ್ಣು ನಾರ್ಮಲ್. ಕಿಡ್ನಿ ಕಾಪಾಡೋ ಮಾತ್ರೆ ಈಗ್ಲೇ ಶುರು ಮಾಡ್ಬೇಕಾ? ನೀವೇನ್ ಮಾಡಿದ್ರಿ ಹೇಳಿ, ಪ್ಲೀಸ್.

ಇಬ್ಬರು ಗಂಡುಮಕ್ಕಳ ಅಮ್ಮ:
ನಮ್ಮ ದೊಡ್ಡವನಿಗೆ 62 ಬಂದಿತ್ತು. ಹನ್ನೊಂದು ದಿನ ಕಣ್ಣು ಮುಚ್ಚಿಲ್ಲ ನಾನು, ಕಿಡ್ನಿನೇ ಹೋಯ್ತು ಅನ್ಕೊಂಡು ಅವನು ಮಲಗಿದ್ಮೇಲೆ ಅಳೋದು, ಬೆಳಿಗ್ಗೆ ಮುಖ ತೊಳ್ಕೊಂಡು ಅವನನ್ನ ಎಬ್ಬಿಸೋದು. ಆಮೇಲೆ ನೆನಪಾಯ್ತು, ಅವತ್ತು ಮಧ್ಯಾಹ್ನ ಪೂರ್ತಿ ಓಡಿ ಆಡಿ ಬಂದು ಸಂಜೆ ಸ್ಯಾಂಪಲ್ ಕೊಟ್ಟಿದ್ದ. ಓಡಾಟ, ಜ್ವರ, ಪೀರಿಯಡ್ಸ್ ಯಾವುದಿದ್ರೂ ಏರುತ್ತೆ, ಇದನ್ನ ಲ್ಯಾಬಲ್ಲಿ ಒಬ್ರೂ ಕೇಳಲಿಲ್ಲ! ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಯೂರಿನ್ ಕೊಟ್ವಿ, 14. ಎರಡು ತಿಂಗಳು ಬಿಟ್ಟು 11. ಮೂರರಲ್ಲಿ ಎರಡು ಸಲ ಜಾಸ್ತಿ ಬಂದ್ರೆ ಮಾತ್ರ ಲೆಕ್ಕ.

ಪಂಪ್ ಹಾಕ್ಸಿದ ಅಪ್ಪ:
ಲ್ಯಾಬ್ ಸರಿ ಇಲ್ಲ ಅಂತ ಸಮಾಧಾನ ಮಾಡ್ಕೊಂಡು ಕೂತ್ರೆ ವರ್ಷಗಳೇ ಹೋಗ್ಬಿಡುತ್ತೆ ಮೇಡಂ. ನಮ್ಮವನಿಗೆ ಮೂರಕ್ಕೆ ಮೂರೂ ಜಾಸ್ತಿ, 71, 88, 80. ಎ1ಸಿ 11.2. ಕಿಡ್ನಿಗೆ ಅಂತ ಎನಾಲಾಪ್ರಿಲ್ ಮಾತ್ರೆ ಕೊಟ್ರು, ಆರು ವಾರ ಒಣಕೆಮ್ಮು, ಬದಲಾಯಿಸಿ ಲೋಸಾರ್ಟನ್. ಇನ್ಸುಲಿನ್ ಪಂಪ್, ಶುಗರ್ ನೋಡೋ ಸೆನ್ಸರ್, ರಾತ್ರಿ 2ಕ್ಕೆ ನಾನು 4ಕ್ಕೆ ಹೆಂಡತಿ ಎದ್ದು ಚೆಕ್ ಮಾಡೋದು, ಹದಿನಾಲ್ಕು ತಿಂಗಳು ಒಂದಿನ ತಪ್ಪಿಸಿಲ್ಲ. ಈಗ ಎ1ಸಿ 6.7, ಅಲ್ಬುಮಿನ್ 22. 1993ರಲ್ಲಿ ಬಂದ ಡಿಸಿಸಿಟಿ ಅನ್ನೋ ಟೈಪ್ 1 ಸ್ಟಡಿ ಓದಿ, ಶುಗರ್ ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಶುರುವಾಗೋ ಸಾಧ್ಯತೆ 76% ಕಮ್ಮಿ.

ಎಂಟರಿಂದ ಟೈಪ್ 1, ಈಗ 27:
ಅದೇ ಸ್ಟಡೀಲಿ ತೀವ್ರವಾದ ಲೋ, ಅಂದ್ರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯೋದು, ಸುಮಾರು ಮೂರು ಪಟ್ಟು ಆಗಿತ್ತು ಸರ್, ಅದನ್ಯಾಕೆ ಬಿಟ್ರಿ? ನನಗೆ 15 ಇದ್ದಾಗ ನಮ್ಮಪ್ಪನೂ ಹೀಗೇ ಹಠ ಹಿಡಿದು ನಾಲ್ಕೇ ತಿಂಗಳಲ್ಲಿ ಎ1ಸಿ 12ರಿಂದ 7ಕ್ಕೆ ಇಳಿಸಿದ್ರು. ವರ್ಷಗಟ್ಟಲೆ ಏರಿದ್ದ ಶುಗರ್ ಸರ್ರನೆ ಇಳಿದಾಗ ರೆಟಿನಾ ಮೊದಲು ಕೆಡಬಹುದು, ನಂಗೆ ಕೆಟ್ಟಿತು, ಎಡಗಣ್ಣಿಗೆ ಲೇಸರ್ ಮಾಡಿಸ್ಬೇಕಾಯ್ತು. ಇಳಿಸೋ ಮುಂಚೆ ಕಣ್ಣು ತೋರಿಸಿರಲೇ ಇಲ್ಲ. ಎ1ಸಿ ಅಂದ್ರೆ ಮನೇಲಿ ಮಾರ್ಕ್ಸ್ ಕಾರ್ಡ್, ಬೈಗುಳಕ್ಕೆ ಹೆದರಿ ಎರಡು ವರ್ಷ ಬುಕ್ಕಲ್ಲಿ ಸುಳ್ಳು ರೀಡಿಂಗ್ ಬರೆದೆ.

ಪಂಪ್ ಹಾಕ್ಸಿದ ಅಪ್ಪ:
ನಿಮ್ಮಪ್ಪನ ಮೇಲಿನ ಸಿಟ್ಟು ನನ್ ಮೇಲ್ಯಾಕಮ್ಮಾ? ನಮ್ಮವನಿಗೆ ಲೋ ಆಗಿ ಪ್ರಜ್ಞೆ ತಪ್ಪಿದ್ದು ಒಂದೇ ಸಲ.

ಎಂಟರಿಂದ ಟೈಪ್ 1, ಈಗ 27:
ಒಂದೇ ಸಲ ಅಂತೀರಲ್ಲ!

ಹೀಮೋಗ್ಲೋಬಿನ್ ಕಮ್ಮಿ ಇರೋಳ ಅಮ್ಮ:
ಜಗಳ ಬಿಡಿ, ಮೊದಲು ಆ ಎ1ಸಿ ನಿಜಾನಾ ನೋಡ್ಕೊಳ್ಳಿ. ನಮ್ಮವಳಿಗೆ ಸೆನ್ಸರ್ ಆವರೇಜ್ 160, ಎ1ಸಿ ಮಾತ್ರ 8.1. ನಾವು ಇನ್ಸುಲಿನ್ ಏರಿಸಿ ಏರಿಸಿ ಮಗುನ ಲೋ ಮಾಡ್ತಾ ಇದ್ವಿ. ರಕ್ತಹೀನತೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಮೇಲೆ 7.3ಕ್ಕೆ ಬಂತು.

ಇಬ್ಬರು ಗಂಡುಮಕ್ಕಳ ಅಮ್ಮ:
ರಕ್ತಹೀನತೇಲಿ ಎ1ಸಿ ಕಮ್ಮಿ ತೋರ್ಸುತ್ತೆ, ಜಾಸ್ತಿ ಅಲ್ಲ.

ಹೀಮೋಗ್ಲೋಬಿನ್ ಕಮ್ಮಿ ಇರೋಳ ಅಮ್ಮ:
ಕೆಂಪುಕಣ ಬೇಗ ಒಡೆಯೋ ಥರದ್ರಲ್ಲಿ ಕಮ್ಮಿ. ಕಬ್ಬಿಣದ ಕೊರತೇಲಿ ಜಾಸ್ತಿ. ಒಂದು ವರ್ಷ ಅನುಭವಿಸಿ ಹೇಳ್ತಿದೀನಿ, ನನಗೇ ಪಾಠ ಹೇಳ್ಬೇಡಿ.

ಹದಿಮೂರರ ಹುಡುಗಿ ಅಮ್ಮ:
ಸ್ಯಾಂಪಲ್ ಕೊಟ್ಟ ದಿನ ಅವಳಿಗೆ ಪೀರಿಯಡ್ಸ್ ಇತ್ತು. ಈಗ ಎಷ್ಟು ದಿನ ಬಿಟ್ಟು ಕೊಡ್ಬೇಕು?