ಚಿಂಪಾಂಜಿ ತೋಟಕ್ಕೆ ನುಗ್ಗಿದ್ರೆ ಅಲ್ಲಿಯವರು ಎಂತ ಮಾಡ್ತಾರೆ?

ಮುಳ್ಳೇರಿಯದವ
ನಮ್ಮಲ್ಲಿ ಮಂಗಗಳ ಉಪದ್ರ ಹೇಳಿ ಪ್ರಯೋಜನ ಇಲ್ಲ. ಬೊಂಡ ತೂತು ಮಾಡಿ ನೀರು ಕುಡಿದು ಕೆಳಗೆ ಬಿಸಾಡ್ತವೆ, ನಿನ್ನೆ ಒಂದೇ ತೆಂಗಿನ ಬುಡದಿಂದ 17 ಹೆಕ್ಕಿದೆ. ಗರ್ನಾಲು ಹೊಟ್ಟಿಸಿದ್ರೆ ಆಚೆ ಗುಡ್ಡೆಯಲ್ಲಿ ಕೂತು ನಮ್ಮನ್ನೇ ನೋಡ್ತವೆ ಮಾರಾಯ್ರೆ. ಮಗಳಿಗೆ ಶಾಲೆಯಲ್ಲಿ ಚಿಂಪಾಂಜಿ ಬಗ್ಗೆ ಬರೀಲಿಕ್ಕೆ ಕೊಟ್ಟಿದ್ದಾರೆ, ಅವಳೊಟ್ಟಿಗೆ ಕೂತಾಗ ತಲೆಗೆ ಬಂತು, ಆಫ್ರಿಕಾದಲ್ಲಿ ಕಾಡಿನ ಬದಿಯಲ್ಲಿ ತೋಟ ಇರುವವರು ಹೇಗೆ ಸುಧಾರಿಸ್ತಾರೆ?

ಗೇರುಗುಡ್ಡೆ
ಅಣ್ಣಾ, ಗಿನಿ ಬಿಸಾವ್ ದೇಶದಲ್ಲಿ ನಮ್ಮ ಹಾಗೆಯೇ ಗೇರುತೋಟ ಉಂಟು. ಅಲ್ಲಿ ಕಾಂಟಾನ್ಯೆಜ್ ಕಾಡಿನ ಚಿಂಪಾಂಜಿಗಳು ಗೇರುಹಣ್ಣು ಮಾತ್ರ ತಿಂದು ಬೀಜ ಬಿಟ್ಟು ಹೋಗ್ತವೆ, ಬೀಜದ ಸೊನೆ ಬಾಯಿ ಸುಡ್ತದಲ್ಲ. ಜನಕ್ಕೆ ಬೇಕಾದ್ದು ಬೀಜ, ಅದು ಮರದಡಿ ಹಾಗೇ ಸಿಗ್ತದೆ, ಹಾಗಾಗಿ ದೊಡ್ಡ ಜಗಳ ಇಲ್ಲ. ಪ್ರೀತಿ ಗೀತಿ ಎಂತ ಇಲ್ಲ, ಲೆಕ್ಕ ಸರಿ ಹೋಗ್ತದೆ ಅಷ್ಟೆ.

ಪೆರ್ಲ_ಕಾಕ
ಗೇರಲ್ಲಿ ಸರಿ. ಹಲಸಿನಲ್ಲಿ? ಉಗಾಂಡಾದ ಪಶ್ಚಿಮಕ್ಕೆ ಬುಲಿಂಡಿ ಹೇಳುವ ಊರು, ಹೊಗೆಸೊಪ್ಪು ಹಾಕ್ಲಿಕ್ಕೆ ಹೊಳೆ ಬದಿಯ ಕಾಡೆಲ್ಲ ಕಡಿದರು, ಮತ್ತೆ ಚಿಂಪಾಂಜಿಗಳು ಅಂಗಳದ ಹಲಸಿನ ಮರಕ್ಕೇ ಬರ್ಲಿಕ್ಕೆ ಶುರು. ನಮ್ಮ ಮಂಗ ಹಲ್ಲು ಕಿರಿದು ಓಡ್ತದೆ, ಚಿಂಪಾಂಜಿ ದೊಡ್ಡದಾದ್ರೆ 40-50 ಕೆಜಿ, ಬಲ ಕೇಳ್ಬೇಡಿ. ಆ ಕಡೆ ಸಣ್ಣ ಮಕ್ಕಳ ಮೇಲೆ ಬಿದ್ದದ್ದೂ ಉಂಟು. ಕಾಡು ಕಡಿದವ ಒಬ್ಬ, ಹೆದರಿ ಬಾಗಿಲು ಹಾಕಿ ಕೂರುವವ ಇನ್ನೊಬ್ಬ. ಈಗ ಅಲ್ಲಿ ಒಂದು ಯೋಜನೆಯವರು ಕಾಡು ಉಳಿಸಿದ ಜಾಗದವರ ಮಕ್ಕಳಿಗೆ ಶಾಲೆ ಫೀಸು ಕಟ್ತಾರೆ. ನನಗೆ ಇದು ಸರಿ ಕಂಡಿತು, ಬರೀ ಭಾಷಣ ಮಾಡಿದ್ರೆ ಯಾರು ಮರ ಬಿಡ್ತಾರೆ?

ಗೇರುಗುಡ್ಡೆ
ಒಪ್ಪಿದೆ ಕಾಕ. ಆದ್ರೆ ಗಿನಿ ಹೇಳುವ ಬೇರೆ ದೇಶದ ಬೊಸ್ಸೌ ಊರಲ್ಲಿ ಮನೋನ್ ಹೇಳುವ ಜನಾಂಗಕ್ಕೆ ಚಿಂಪಾಂಜಿ ಅಂದ್ರೆ ತೀರಿಹೋದ ಹಿರಿಯರು, ಕೊಲ್ಲುವ ಹಾಗಿಲ್ಲ. ಊರ ಬದಿಯ ಗುಡ್ಡೆಯೂ ದೇವರದ್ದು, ನಮ್ಮ ನಾಗಬನಕ್ಕೆ ಕತ್ತಿ ತಾಗಿಸುದಿಲ್ಲ ಅಲ್ವಾ ಹಾಗೆ. ಅಲ್ಲಿಯ ಚಿಂಪಾಂಜಿಗಳು ಕಲ್ಲಲ್ಲಿ ಕಾಯಿ ಜಜ್ಜಿ ತಿನ್ನುದೂ ಉಂಟು. ತೋಟದಿಂದ ಪಪ್ಪಾಯಿ ಕದ್ದು ಗಂಡು ಹೆಣ್ಣಿಗೆ ಕೊಡ್ತದಂತೆ, ಭಲೇ ಭಾವಯ್ಯ! ಮತ್ತೆ ಅಣ್ಣಾ, ಚಿಂಪಾಂಜಿ ಮಂಗ ಅಲ್ಲ, ಇಂಗ್ಲಿಷಿನಲ್ಲಿ ಏಪ್ ಹೇಳುವ ಜಾತಿ, ಅದಕ್ಕೆ ಬಾಲ ಇಲ್ಲ.

ಮುಳ್ಳೇರಿಯದವ
ಅಯ್ಯೋ, ಬಾಲ ಇಲ್ವಾ? ಮಗಳು ಇಷ್ಟುದ್ದದ ಬಾಲ ಬಿಡಿಸಿ ಬಣ್ಣವೂ ಕೊಟ್ಟಾಯ್ತು. ಅದನ್ನೀಗ ಹಲಸಿನ ಗೆಲ್ಲು ಮಾಡ್ಲಿಕ್ಕೆ ಆಗ್ತದಾ ನೋಡ್ತೇವೆ.