ನಮ್ಮ ನಾಯಿ ಕಚ್ಚಿದೆ, ಈಗ ನನ್ನ ಹೊಣೆ ಏನು?

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಮೂರು ವರ್ಷದ ರಾಟ್‌ವೀಲರ್ ನಿನ್ನೆ ಬೆಳಿಗ್ಗೆ ಹಾಲು ಹಾಕಲು ಬಂದ ಹುಡುಗನ ಮೀನಖಂಡಕ್ಕೆ ಕಚ್ಚಿತು. ರಕ್ತ ಬಂದಿದೆ. ಗೇಟಿನ ಚಿಲಕ ಹಾಕಲು ಮರೆತವನು ನಾನೇ. ‘ನಾಯಿ ಇದೆ ಎಚ್ಚರಿಕೆ’ ಅಂತ ಬೋರ್ಡ್ ಇತ್ತು. ಅವರ ಮನೆಯವರು ಪೊಲೀಸರಿಗೆ ದೂರು ಕೊಡುತ್ತೇವೆ ಅನ್ನುತ್ತಿದ್ದಾರೆ. ನಮ್ಮ ಮಾವ, ನಾಯಿಯನ್ನು ಊರಾಚೆ ಬಿಟ್ಟು ಬಾ ಅನ್ನುತ್ತಾರೆ. ಅನುಭವ ಇದ್ದವರು ದಾರಿ ಹೇಳಿ.

ಉತ್ತರ 1: ಮೊದಲು ಹುಡುಗನ ವಿಷಯ. ನನ್ನ ಮಗಳಿಗೆ ಪಕ್ಕದ ಮನೆ ನಾಯಿ ಕಚ್ಚಿದಾಗ ಅವರು ಹೇಳಿದ್ದು ಒಂದೇ ಮಾತು, ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ.’ ದಯವಿಟ್ಟು ಹಾಗೆ ಹೇಳಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ತೊಳೆದಿಲ್ಲವೆಂದರೆ ಈಗಲೂ ತೊಳೆಯಿರಿ. ರಕ್ತ ಬಂದಿದೆ ಅಂದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು. ರೇಬಿಸ್ ಬಂದ ಮೇಲೆ ಔಷಧಿಯಿಲ್ಲ. ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖರ್ಚು ನೀವೇ ಕೊಡಿ. ಹುಡುಗನ ಕೂಲಿಯನ್ನೂ ಮರೆಯಬೇಡಿ. ಮನೆ ಮನೆಗೆ ಹಾಲು ಹಾಕುವವನು ಕಾಲು ನೋವಿನಲ್ಲಿ ಎಷ್ಟು ಮನೆ ಸುತ್ತಲಾಗುತ್ತದೆ? ನಮಗೆ ಆಗ ಬೇಕಿದ್ದದ್ದು ದುಡ್ಡಿಗಿಂತ ಜಾಸ್ತಿ, ಯಾರಾದರೂ ಬಂದು ‘ತಪ್ಪು ನಮ್ಮದು’ ಅನ್ನುವುದು.

ಉತ್ತರ 2: ನಾನು ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಅನ್ನುವ ಹೊಸ ಅಪರಾಧ ಕಾನೂನು ಜಾರಿಯಲ್ಲಿದೆ. ಅದರ 291ನೇ ಸೆಕ್ಷನ್ ಹೇಳುವುದು ಇಷ್ಟೆ: ನಿಮ್ಮ ಬಳಿ ಇರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವೋ ದೊಡ್ಡ ಗಾಯವೋ ಆಗಬಹುದಾದರೆ, ಅದನ್ನು ತಡೆಯುವ ಎಚ್ಚರಿಕೆ ನಿಮ್ಮದು. ಅದನ್ನು ತಿಳಿದೋ ಅಸಡ್ಡೆಯಿಂದಲೋ ಬಿಟ್ಟರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿ 289ರಲ್ಲಿ ದಂಡ 1,000 ಇತ್ತು. ಗಮನಿಸಿ, ನಾಯಿ ಕಚ್ಚಲೇಬೇಕು ಅಂತ ಅದರಲ್ಲಿಲ್ಲ. ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಕೇಸು, ಜಾಮೀನು ಸಿಗುತ್ತದೆ. ಗಾಯಕ್ಕೆ 125ನೇ ಸೆಕ್ಷನ್ (ಅಸಡ್ಡೆಯಿಂದ ಬೇರೆಯವರ ಜೀವಕ್ಕೆ, ಸುರಕ್ಷತೆಗೆ ಅಪಾಯ ತರುವುದು) ಕೂಡ ಸೇರಬಹುದು. ದುಡ್ಡು ಕೊಟ್ಟು ರಾಜಿಯಾದರೂ ಎಫ್‌ಐಆರ್ ತಾನಾಗಿ ಮುಚ್ಚಿಹೋಗುವುದಿಲ್ಲ. ಪರಿಹಾರಕ್ಕೆ ಅವರು ಸಿವಿಲ್ ಕೋರ್ಟಿಗೂ ಹೋಗಬಹುದು. ಇನ್ನು ಆ ಬೋರ್ಡ್ ನಿಮ್ಮನ್ನು ಕಾಪಾಡುತ್ತದೆ ಅಂದುಕೊಳ್ಳಬೇಡಿ. ನಾಯಿ ಅಪಾಯ ಅಂತ ನಿಮಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿಯಾಗಬಹುದು.

ಉತ್ತರ 3: ಮಾವನ ಮಾತು ಕೇಳಬೇಡಿ! 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದ ಪ್ರಾಣಿಯನ್ನು ಸುಮ್ಮನೆ ಎಲ್ಲೋ ಬಿಟ್ಟು ಬರುವುದೂ ಅಪರಾಧ. ಅದೂ ಅಲ್ಲದೆ ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು. ಅದು ಆರೋಗ್ಯವಾಗಿದ್ದರೆ ಮುಂದಿನ ಲಸಿಕೆ ಬೇಕೋ ಬೇಡವೋ ಅಂತ ಡಾಕ್ಟರ್ ಹೇಳುತ್ತಾರೆ. ನಾಯಿಯೇ ಇಲ್ಲದಿದ್ದರೆ ನೋಡುವುದೇನನ್ನು? ಅದರ ಲಸಿಕೆ ಪುಸ್ತಕ, ಪಾಲಿಕೆಯ ಲೈಸೆನ್ಸ್ ಹುಡುಕಿ ಇಟ್ಟುಕೊಳ್ಳಿ.

ಉತ್ತರ 4: ರಾಟ್‌ವೀಲರ್ ನಿಷೇಧ ಆಗಿದೆ ಅಂತ ಯಾರಾದರೂ ಹೆದರಿಸಬಹುದು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು, ನಿಜ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ತಳಿ ಯಾವುದಾದರೂ ಚಿಲಕ ಹಾಕುವ ಹೊಣೆ ನಮ್ಮದೇ ಅಲ್ವಾ? ನಮ್ಮದು ಬರೀ ಮುಧೋಳ. ಒಮ್ಮೆ ಪೋಸ್ಟ್‌ಮ್ಯಾನ್ ಮೇಲೆ ಎರಗಿತ್ತು. ಆಮೇಲೆ ಗೇಟಿನ ಒಳಗೆ ಇನ್ನೊಂದು ಗೇಟ್ ಹಾಕಿಸಿ, ಹಾಲು ಪೇಪರಿಗೆ ಕಾಂಪೌಂಡಿನ ಹೊರಗೇ ಡಬ್ಬ ಇಟ್ಟೆವು. ಹೊರಗೆ ಕರೆದೊಯ್ಯುವಾಗ ಗಟ್ಟಿ ಬೆಲ್ಟ್, ಅದೂ ದೊಡ್ಡವರ ಕೈಯಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು, ಎರಡು ದಿನದ ನಂತರ: ಎಲ್ಲರಿಗೂ ಧನ್ಯವಾದ. ಹುಡುಗನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವನ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಇವತ್ತು ಎರಡನೇ ಡೋಸ್ ಹಾಕಿಸಿಕೊಂಡು ಬಂದೆವು. ದೂರು ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು ಅಂತ ಹೇಳಿದ್ದೇನೆ. ಒಳಗೇಟಿನ ಅಳತೆ ತೆಗೆಯಲು ನಾಳೆ ವೆಲ್ಡರ್ ಬರುತ್ತಾನೆ.