ಥ್ರೆಡ್ ಎಳೆಯಾದರೆ, ಲಾಳಿ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ದೆಸೆಯಿಂದ ಮೂರು ವಾರಗಳಿಂದ ನಮ್ಮ ಕೆಲಸ ನಿಂತಿದೆ. ಫ್ರೀಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಥ್ರೆಡ್‌ಗಳನ್ನು, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಸರದಿಯಲ್ಲೋ ಒಟ್ಟೊಟ್ಟಿಗೋ ಸಾಗುವ ಬೇರೆ ಬೇರೆ ಓಟಗಳನ್ನು, ಹುಟ್ಟಿಸುವ, ಕಾಯಿಸುವ, ಮುಗಿಸುವ ಒಂದು ಲೈಬ್ರರಿ (ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಸೂಚನೆಗಳ ಕಟ್ಟು) ಇದೆ, ಹೆಸರು ಲಿಬ್‌ಥರ್. ಅದರ ಕೈಪಿಡಿ ಪುಟಗಳನ್ನೂ ಅದು ಬೆಳೆದುಬಂದ ಬಗೆಯನ್ನೂ ಕನ್ನಡದಲ್ಲಿ ಬರೆಯೋಣವೆಂದು ನಾವು ಮೂವರು ಕುಳಿತೆವು. ಮೊದಲ ಪುಟದ ಮೊದಲ ವಾಕ್ಯವೇ ಇನ್ನೂ ಗಟ್ಟಿಯಾಗಿಲ್ಲ.

ಯಂತ್ರಾನುವಾದಕ್ಕೆ ಕೊಟ್ಟು ನೋಡಿದ್ದು ನಮ್ಮ ತಪ್ಪು. ಥ್ರೆಡ್ ಲೈಬ್ರರಿ ‘ದಾರದ ಗ್ರಂಥಾಲಯ’ವಾಗಿ ಬಂತು. ಒಂದು ಥ್ರೆಡ್ ತನ್ನ ಸರದಿಯನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದನ್ನು ಇಂಗ್ಲಿಷಿನವರು ಯೀಲ್ಡ್ ಎನ್ನುತ್ತಾರೆ, ಅದು ‘ಇಳುವರಿ’ಯಾಯಿತು. ಎಕರೆಗೆ ಎಷ್ಟು ಕ್ವಿಂಟಲ್ ಎಂದು ಕೇಳುವುದೊಂದು ಬಾಕಿ. ಎರಡು ಥ್ರೆಡ್‌ಗಳು ಒಂದೇ ಅಂಕಿಯನ್ನು ತಿದ್ದಲು ನಾ ಮುಂದು ತಾ ಮುಂದು ಎಂದು ನುಗ್ಗುವ ರೇಸ್ ‘ಜನಾಂಗ’ವಾಗಿ ಅವತರಿಸಿತು. ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್ ‘ನಿರ್ವಾಹಕ’ನಾದ, ಓದುತ್ತಿದ್ದಂತೆ ಹೆಗಲಿಗೆ ಚೀಲ ಹಾಕಿಕೊಂಡು ಚಿಲ್ಲರೆ ಕೊಡಿ ಎನ್ನುವವನು ಕಣ್ಣೆದುರು ನಿಂತ. ಈ ಕೊನೆಯದಕ್ಕೆ ‘ಉಸ್ತುವಾರಿ’ ಎಂದು ತೀರ್ಮಾನಿಸಿಕೊಂಡಿದ್ದೇವೆ. ಸಚಿವರಿಗೆ ಸಲ್ಲುವ ಪದ ತಂತ್ರಾಂಶದವರಿಗೂ ಸಲ್ಲಲಿ.

ಗ್ರಂಥಾಲಯದ ವಿಷಯದಲ್ಲಿ ಮಾತ್ರ ಯಂತ್ರವನ್ನು ಪೂರ್ತಿ ಬೈಯಲಾರೆ. ತಮಿಳಿನಲ್ಲಿ ನೂಲ್ ಎಂದರೆ ದಾರವೂ ಹೌದು, ಪುಸ್ತಕವೂ ಹೌದು. ಗ್ರಂಥಾಲಯಕ್ಕೆ ಅವರು ನೂಲಗಂ ಎನ್ನುತ್ತಾರೆ. ಸಂಸ್ಕೃತದ ಸೂತ್ರಕ್ಕೂ ಅದೇ ಇಬ್ಬಗೆಯ ಅರ್ಥ. ನಮ್ಮ ನೂಲು ಮಾತ್ರ ಮಗ್ಗ ಬಿಟ್ಟು ಮೇಲೇಳಲಿಲ್ಲ. ಲೈಬ್ರರಿ ಎಂಬುದನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ, ಅದರ ಬಗ್ಗೆ ಚರ್ಚೆ ಬೇಡ.

ಚರ್ಚೆ ಬೇಕಾಗಿರುವುದು ಥ್ರೆಡ್‌ಗೆ. ದಾರ, ನೂಲು, ಎಳೆ ಎಂಬ ಮೂರು ಪದಗಳು ನಮ್ಮ ಮುಂದಿವೆ. ದಾರ ಎಂದರೆ ಸಿದ್ಧವಾದ ವಸ್ತು, ಹೂ ಕಟ್ಟಲು, ಗುಂಡಿ ಹೊಲಿಯಲು ಅಂಗಡಿಯಿಂದ ತರುವಂಥದು. ನೂಲನ್ನು ಯಾರೂ ಎಣಿಸುವುದಿಲ್ಲ. ‘ನಾಲ್ಕು ನೂಲು ಕೊಡು’ ಎಂದರೆ ಕೇಳಿದವರು ಮುಖ ನೋಡುತ್ತಾರೆ. ನಾಲ್ಕು ಎಳೆ ನೂಲು ಎನ್ನಬೇಕು. ಎಣಿಕೆಗೆ ಸಿಗುವುದು ಎಳೆ ಒಂದೇ. ಎರಡೆಳೆಯ ಸರ, ಮೂರೆಳೆಯ ಹುರಿ ಎನ್ನುವಾಗಲೂ ಅಷ್ಟೇ. ಪ್ರೊಸೆಸರಿನ ಒಂದು ಕೋರ್‌ಗೆ ಎರಡು ಎಳೆ, ಸರ್ವರ್‌ಗೆ ಅರವತ್ತನಾಲ್ಕು ಎಳೆ ಎಂದರೆ ಕನ್ನಡದ ಕಿವಿಗೆ ಕಿರಿಕಿರಿಯಾಗುವುದಿಲ್ಲ.

ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಗಣಕ ವಿಜ್ಞಾನಿ ಜೆರೋಮ್ ಸಾಲ್ಟ್‌ಜರ್ 1966ರಲ್ಲಿ ಅಮೆರಿಕದ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಥ್ರೆಡ್ ಎಂಬ ಪದವನ್ನು ಸೂಚಿಸಿದವರು ವಿಕ್ಟರ್ ವಿಸೊಟ್‌ಸ್ಕಿ ಎಂದು ಬರೆದಿದ್ದಾರೆ. ಈ ಪ್ರಯೋಗದಲ್ಲಿ ಹತ್ತಿಯೂ ಇಲ್ಲ, ರೇಷ್ಮೆಯೂ ಇಲ್ಲ. ಸೂಚನೆಯಿಂದ ಸೂಚನೆಗೆ ಕಡಿಯದೆ ಸಾಗುವ ಓಟವನ್ನು ಅದು ಹೇಳುತ್ತದೆ. ಕಥೆಯ ಎಳೆ, ಮಾತಿನ ಎಳೆ ತಪ್ಪಿತು, ಎಳೆ ಎಳೆಯಾಗಿ ಬಿಡಿಸಿ ಹೇಳು ಎಂದಾಗ ನಾವು ಹೇಳುವುದೂ ಅದನ್ನೇ. ಪುರಾಣ ಹೇಳುವವರು ಒಂದು ಎಳೆಯನ್ನು ಅರ್ಧಕ್ಕೆ ಬಿಟ್ಟು, ಇನ್ನೊಂದನ್ನು ಹಿಡಿದು, ಮತ್ತೆ ಬಿಟ್ಟಲ್ಲಿಗೇ ಬಂದು ಮುಂದುವರಿಸುತ್ತಾರಲ್ಲ, ಗಣಕವೂ ಅದನ್ನೇ ಮಾಡುತ್ತದೆ.

ತೊಂದರೆ ಇಲ್ಲವೆಂದಲ್ಲ. ಎಳೆ ಎಂದರೆ ಜಗ್ಗು ಎಂದೂ ಆಗುತ್ತದೆ, ಚಿಕ್ಕ ಪ್ರಾಯ ಎಂದೂ ಆಗುತ್ತದೆ. ಹಲವು ಥ್ರೆಡ್‌ಗಳು ಒಟ್ಟಿಗೆ ಕರೆದರೂ ಕೆಡದ ಫಂಕ್ಷನ್ನಿಗೆ ‘ಎಳೆಸುರಕ್ಷಿತ’ ಎಂದು ನಮ್ಮಲ್ಲೊಬ್ಬರು ಬರೆದರು; ಹಸುಗೂಸಿನ ಸೋಪಿನ ಜಾಹೀರಾತಿನಂತೆ ಕಂಡಿತು. ಸನ್ ಕಂಪನಿಯ ಗ್ರೀನ್ ತಂಡದಿಂದ ಹೆಸರು ಪಡೆದ ಜಾವಾ ಭಾಷೆಯ ಗ್ರೀನ್ ಥ್ರೆಡ್ ‘ಹಸಿರೆಳೆ’ಯಾಗಿ ಕೃಷಿ ಪುಟಕ್ಕೆ ಹೊರಟಿತ್ತು. ಸಮಾಸ ಮಾಡುವ ಚಪಲ ಬಿಟ್ಟರೆ ಇಂಥವನ್ನು ತಪ್ಪಿಸಬಹುದು. ‘ಎಷ್ಟು ಎಳೆಗಳು ಕರೆದರೂ ಕೆಡದ’ ಎಂದು ಬಿಡಿಸಿ ಬರೆದರೆ ಯಾರ ಗಂಟು ಹೋಗುತ್ತದೆ?

ಇಷ್ಟರಲ್ಲೇ ಮುಗಿದಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಇತಿಹಾಸದ ಅಧ್ಯಾಯಕ್ಕೆ ಬಂದಾಗ ಎಳೆ ಎಂಬ ಒಂದೇ ಪದ ಸಾಲದಾಯಿತು.

ಪ್ರೋಗ್ರಾಮು ಬರೆಯುವವನು ಕಾಣುವ ಥ್ರೆಡ್ ಒಂದು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಕಾಣುವ ಥ್ರೆಡ್ ಇನ್ನೊಂದು. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು. ಹಿಂದೊಂದು ವಿಶೇಷಣ ಅಂಟಿಸಿ ಸುಧಾರಿಸುತ್ತಾರೆ. ಇವೆರಡನ್ನು ಹೇಗೆ ಜೋಡಿಸಬೇಕು ಎಂಬುದರ ಮೇಲೆಯೇ ಫ್ರೀಬಿಎಸ್‌ಡಿಯವರು ಹತ್ತು ವರ್ಷಕ್ಕೂ ಮೀರಿ ಗುದ್ದಾಡಿದರು. ಅದನ್ನು ಒಂದೇ ಪದದಲ್ಲಿ ಬರೆಯಲು ಹೋಗಿ ‘ಎಳೆಯ ಮೇಲೆ ಎಳೆಗಳನ್ನು ಕೂರಿಸುವುದು’ ಎಂಬಂಥ ವಾಕ್ಯ ಹುಟ್ಟಿತು. ನನಗೇ ಅರ್ಥವಾಗಲಿಲ್ಲ.

ಆಗ ನೆನಪಾದದ್ದು ದೊಡ್ಡಬಳ್ಳಾಪುರದ ಅಜ್ಜಿಯ ಮನೆ. ಮಗ್ಗದ ಸದ್ದಿನಲ್ಲೇ ರಜೆ ಕಳೆದವನು ನಾನು. ಅಜ್ಜಿ ಜಗಲಿಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಹೊಕ್ಕಿನ ನೂಲು ಸುತ್ತಿದ ಆ ಸಣ್ಣ ಕೊಳವೆಯನ್ನು ಲಾಳಿಯೊಳಗೆ ಇಟ್ಟರೆ, ಲಾಳಿ ಹಾಸಿನ ನಡುವೆ ಅತ್ತಿಂದಿತ್ತ ಓಡುತ್ತದೆ. ಓಡುವುದು ಲಾಳಿ, ಬಟ್ಟೆಯಾಗುವುದು ಎಳೆ. ಬಣ್ಣ ಬದಲಿಸಬೇಕಾದರೆ ಕಂಡಿಕೆ ತೆಗೆದು ಬೇರೆ ಕಂಡಿಕೆ ಇಟ್ಟರಾಯಿತು.

ನಮಗೆ ಬೇಕಾದದ್ದು ಇದೇ ಎನ್ನಿಸಿತು. ಪ್ರೋಗ್ರಾಮಿನ ಥ್ರೆಡ್ ಎಳೆ, ಕರ್ನೆಲ್ಲಿನ ಥ್ರೆಡ್ ಲಾಳಿ, ಪ್ರೊಸೆಸರ್ ಮಗ್ಗ. ಈ ಮೂರನ್ನು ಇಟ್ಟುಕೊಂಡು ಇತಿಹಾಸದ ಅಧ್ಯಾಯವನ್ನು ಹೊಸದಾಗಿ ಬರೆದೆ. ಸಾರಾಂಶ ಕೊಡುತ್ತೇನೆ, ಪದಗಳು ನಿಲ್ಲುತ್ತವೆಯೋ ನೀವೇ ನೋಡಿ.

ಥ್ರೆಡ್‌ಗಳಿಗೆ ಪಾಸಿಕ್ಸ್ ಮಾನಕ, ಅಂದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಕಟ್ಟಳೆ, ಬಂದದ್ದು 1995ರಲ್ಲಿ. ಫ್ರೀಬಿಎಸ್‌ಡಿಯ ಹಳೆಯ ಲೈಬ್ರರಿಯಾದ ಲಿಬ್‌ಸಿ ಆರ್‌ನಲ್ಲಿ ಒಂದು ಪ್ರೋಗ್ರಾಮಿಗೆ ಇದ್ದದ್ದು ಒಂದೇ ಲಾಳಿ. ಎಳೆಗಳು ಎಷ್ಟಿದ್ದರೂ ಲೈಬ್ರರಿಯೇ ಕಂಡಿಕೆ ಬದಲಿಸುತ್ತ ಕೂರಬೇಕು. ಬದಲಿಸುವುದು ಅಗ್ಗ, ಕರ್ನೆಲ್ಲಿಗೆ ತಿಳಿಸುವ ಗೋಜಿಲ್ಲ. ಆದರೆ ಡಿಸ್ಕ್‌ನಿಂದ ಏನನ್ನೋ ಓದಲು ಹೋಗಿ ಲಾಳಿ ನಡುವೆ ನಿಂತಿತೆಂದರೆ ಎಲ್ಲ ಎಳೆಗಳೂ ನಿಂತವು. ಮನೆಯಲ್ಲಿ ಎರಡು ಮಗ್ಗ ಇದ್ದರೂ ಓಡುವುದು ಒಂದರಲ್ಲೇ.

ಮುಂದೆ ಕೆಎಸ್‌ಇ ಎಂಬ ಮಹತ್ವಾಕಾಂಕ್ಷೆಯ ಯೋಜನೆ ಬಂತು. ನೂರಾರು ಎಳೆಗಳಿಗೆ ಕೆಲವೇ ಲಾಳಿಗಳು. ಒಂದು ಲಾಳಿ ಸಿಕ್ಕಿಕೊಂಡ ಕೂಡಲೇ ಕರ್ನೆಲ್ ಕೆಳಗಿನಿಂದ ಕೂಗಿ ‘ನಿನ್ನ ಲಾಳಿ ನಿಂತಿದೆ, ಇಗೋ ಇನ್ನೊಂದು’ ಎಂದು ಲೈಬ್ರರಿಯ ಕೈಗೆ ಕೊಡುತ್ತದೆ. ವಾಷಿಂಗ್‌ಟನ್ ವಿಶ್ವವಿದ್ಯಾಲಯದಿಂದ 1990ರ ದಶಕದ ಮೊದಲಲ್ಲಿ ಹೊರಬಂದ ವಿಚಾರ ಇದು. ಫ್ರೀಬಿಎಸ್‌ಡಿಯ 2004ರ 5.3ನೇ ಆವೃತ್ತಿಯಲ್ಲಿ ಇದೇ ರೂಢಿಯ ಲೈಬ್ರರಿ, ಅಂದರೆ ಬೇರೆ ಏನನ್ನೂ ಆರಿಸದಿದ್ದರೆ ತಾನಾಗಿ ಸಿಗುವ ಲೈಬ್ರರಿ, ಆಯಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಇಲ್ಲ. ಉಸ್ತುವಾರಿ ಹೊತ್ತವರನ್ನು ಹಣ್ಣು ಮಾಡಿದ ಏರ್ಪಾಡೂ ಇದೇ: ಸರದಿ ಹಂಚುವವರು ಮೇಲೊಬ್ಬರು ಕೆಳಗೊಬ್ಬರು, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದು. ಒಂದು ಕೆರೆಗೆ ಇಬ್ಬರು ನೀರುಗಂಟಿಗಳನ್ನು ನೇಮಿಸಿದರೆ ಗದ್ದೆಯಲ್ಲಿ ಏನಾಗುತ್ತದೋ ಹಾಗೆ.

ಅತ್ತ ಲಿನಕ್ಸ್ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಯವರು 2002–03ರಲ್ಲಿ ಪ್ರತಿ ಎಳೆಗೂ ಒಂದು ಲಾಳಿ ಎಂಬ ಸರಳ ದಾರಿ ಹಿಡಿದರು. ಉಲ್ರಿಚ್ ಡ್ರೆಪರ್ ಮತ್ತು ಇಂಗೊ ಮೊಲ್ನಾರ್ ಅವರ ಆ ಲೈಬ್ರರಿ ಕರ್ನೆಲ್ಲಿನ ಹೊಸ ತಿದ್ದುಪಡಿಗಳೊಂದಿಗೆ ಒಂದು ಲಕ್ಷ ಥ್ರೆಡ್‌ಗಳನ್ನು ಹುಟ್ಟಿಸಿ ಮುಗಿಸಲು 2 ಸೆಕೆಂಡು ತೆಗೆದುಕೊಂಡಿತು. ಅವಿಲ್ಲದೆ ಅದೇ ಕೆಲಸಕ್ಕೆ 15 ನಿಮಿಷ ಹಿಡಿಯುತ್ತಿತ್ತು. ಲಾಳಿ ಇಷ್ಟು ಅಗ್ಗವಾದ ಮೇಲೆ ಕಂಡಿಕೆ ಬದಲಿಸುವ ಜಾಣತನ ಯಾರಿಗೆ ಬೇಕು? ಫ್ರೀಬಿಎಸ್‌ಡಿಯಲ್ಲೂ ಜೆಫ್ ರಾಬರ್ಸನ್ ಆರಂಭಿಸಿ ಡೇವಿಡ್ ಶು ಬೆಳೆಸಿದ ಲಿಬ್‌ಥರ್ 2008ರ 7.0ರಲ್ಲಿ ರೂಢಿಯ ಲೈಬ್ರರಿಯಾಯಿತು. 2009ರ 8.0 ಹೊತ್ತಿಗೆ ಕೆಎಸ್‌ಇಯನ್ನು ಕರ್ನೆಲ್ಲಿನಿಂದಲೇ ಕಿತ್ತುಹಾಕಿದ್ದರು. ಅದರ ಸೋದರ ವ್ಯವಸ್ಥೆಗಳಾದ ನೆಟ್‌ಬಿಎಸ್‌ಡಿ ಅದೇ ವರ್ಷ, ಓಪನ್‌ಬಿಎಸ್‌ಡಿ 2012ರಲ್ಲಿ ಇದೇ ದಾರಿಗೆ ಬಂದವು.

ಇಲ್ಲಿ ನಮ್ಮ ಗುಂಪಿನಲ್ಲಿ ಜಗಳ. ಎಳೆಗೊಂದು ಲಾಳಿ ಎಂದಾದ ಮೇಲೆ ಎರಡು ಪದ ಏಕೆ, ಎಳೆ ಸಾಕು ಎನ್ನುತ್ತಾರೆ ಒಬ್ಬರು. ಕೈಪಿಡಿಗೆ ಅದು ಸರಿಯೇ ಇರಬಹುದು. ಆದರೆ ಗೋ ಭಾಷೆಯ ಹಗುರ ಎಳೆಗಳಾದ ಗೊರೂಟೀನ್‌ಗಳೂ 2023ರ ಜಾವಾ 21ರ ವರ್ಚುವಲ್ ಥ್ರೆಡ್‌ಗಳೂ ಮತ್ತೆ ಹಲವು ಎಳೆಗೆ ಕೆಲವು ಲಾಳಿ ಎಂಬಲ್ಲಿಗೇ ಬಂದು ನಿಂತಿವೆ. ಲಾಳಿಯನ್ನು ಈಗ ಅಟ್ಟಕ್ಕೆ ಹಾಕಿದರೆ ನಾಳೆ ಹುಡುಕಬೇಕಾಗುತ್ತದೆ. ನನ್ನ ಮತ ಎರಡೂ ಇರಲಿ ಎಂದು. ‘ಹುರಿ’ ಎಂಬ ಸೂಚನೆಯೂ ಬಂದಿತ್ತು. ಹುರಿಯಲ್ಲಿ ಎಲ್ಲ ಎಳೆಗಳೂ ಒಟ್ಟಿಗೆ ಸಾಗುತ್ತವೆ, ಸರದಿಯ ಮಾತೇ ಇಲ್ಲ, ಆದ್ದರಿಂದ ಒಪ್ಪಲಿಲ್ಲ.

ಎರಡನೆಯ ಪ್ರಶ್ನೆ ಬೀಗದ್ದು. ಒಂದು ಅಂಕಿಯನ್ನು ಒಂದು ಸಲಕ್ಕೆ ಒಂದೇ ಎಳೆ ಮುಟ್ಟುವಂತೆ ನೋಡಿಕೊಳ್ಳುವ ಮ್ಯೂಟೆಕ್ಸ್‌ಗೆ ಬೀಗ ಎಂದು ಬರೆಯುವುದು ಸುಲಭ. ಆದರೆ ಬೀಗವನ್ನು ಕೀಲಿ ಇದ್ದವರು ಯಾರು ಬೇಕಾದರೂ ತೆಗೆಯಬಹುದು. ಮ್ಯೂಟೆಕ್ಸ್ ಹಾಗಲ್ಲ, ಹಾಕಿದ ಎಳೆಯೇ ತೆಗೆಯಬೇಕು ಎನ್ನುತ್ತದೆ ಪಾಸಿಕ್ಸ್. ಬಚ್ಚಲುಮನೆಯ ಒಳಚಿಲಕದಂತೆ: ಒಳಗಿರುವವರು ತೆಗೆಯುವ ತನಕ ಹೊರಗಿನವರು ಟವೆಲ್ ಹಿಡಿದು ನಿಲ್ಲಬೇಕು. ಹೀಗಾಗಿ ಮ್ಯೂಟೆಕ್ಸ್ ಎಂದರೆ ಚಿಲಕ. ನಿಂತು ಕಾಯದೆ ಬಾಗಿಲ ಮುಂದೆ ಸುತ್ತುತ್ತಲೇ ಇರುವ ಸ್ಪಿನ್‌ಲಾಕ್‌ಗೆ ‘ಗಿರಕಿ ಚಿಲಕ’ ಎಂದೆ; ನಕ್ಕರು, ಆದರೆ ಯಾರೂ ಬೇಡವೆನ್ನಲಿಲ್ಲ.

ಎಷ್ಟು ಎಳೆಗಳು ಮುಂದೆ ಹೋಗಬಹುದೆಂದು ಎಣಿಕೆ ಇಟ್ಟು ಉಳಿದವನ್ನು ಕಾಯಿಸುವ ಸೆಮಫೋರ್‌ಗೆ ಒಡೆಯನಿಲ್ಲ. ಕಾಯುವವರು ಒಬ್ಬರು, ದಾರಿ ಬಿಡುವವರು ಇನ್ನೊಬ್ಬರು ಆಗಬಹುದು. ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಇದನ್ನು ಬರೆದಾಗ ತಮ್ಮ ಡಚ್ ಭಾಷೆಯಲ್ಲಿ ಬಳಸಿದ ಪದ ಸೈನ್‌ಪಾಲ್, ಅಂದರೆ ರೈಲು ದಾರಿಯ ಸಂಕೇತದ ಕಂಬ. ಇದನ್ನು ಓದಿದಾಗ ನನಗೆ ಕುರ್ಚಿಯಿಂದ ಏಳುವಷ್ಟು ಖುಷಿಯಾಯಿತು, ಏಕೆಂದರೆ ಆ ವಸ್ತುವಿಗೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ: ಕೈಮರ. ಗಾಡಿ ಓಡಿಸುವವರು ಕೆಳಗೆ ಕಾಯುತ್ತಾರೆ, ಕೈ ಇಳಿಸುವವರು ದೂರದ ಸ್ಟೇಷನ್ನಿನಲ್ಲಿ ಸನ್ನೆಕೋಲು ಎಳೆಯುತ್ತಾರೆ. ಸೆಮಫೋರ್ ಎಂದರೆ ಇಷ್ಟೇ. ಒಂದು ತೊಡಕು ಉಂಟು. ದಾರಿ ಬಿಡುವ ಕ್ರಿಯೆಗೆ ಡೈಕ್‌ಸ್ಟ್ರಾ ಇಟ್ಟದ್ದು ‘ಏರಿಸು’ ಎಂಬ ಅರ್ಥದ ಡಚ್ ಪದದ ಮೊದಲಕ್ಷರ. ನಮ್ಮ ಕಡೆಯ ಹಳೆಯ ಕೈಮರದಲ್ಲಿ ಕೈ ಇಳಿದರೆ ದಾರಿ. ಅಲ್ಲಿ ಏರುವುದು ಎಣಿಕೆ ಎಂದು ಒಂದು ಸಾಲು ಬರೆದರೆ ಸಾಕೆಂದು ಕಾಣುತ್ತದೆ. ಕೈಮರ ಎಂದರೆ ದಾರಿ ತೋರುವ ಕಂಬ, ಊರಿನ ಹೆಸರು ಎಂದಷ್ಟೇ ತಿಳಿದವರೂ ಇದ್ದಾರೆ. ದಕ್ಷಿಣ ಕನ್ನಡದವರು ಕೈಕಂಬ ಎನ್ನುತ್ತೀರಲ್ಲ, ನಿಮ್ಮಲ್ಲಿ ರೈಲಿನದಕ್ಕೂ ಅದೇ ಪದವೇ?

ಉಳಿದವು ಚಿಕ್ಕವು. ಒಬ್ಬರು ಹಿಡಿದದ್ದಕ್ಕೆ ಇನ್ನೊಬ್ಬರು, ಇನ್ನೊಬ್ಬರು ಹಿಡಿದದ್ದಕ್ಕೆ ಒಬ್ಬರು ಕಾಯುತ್ತ ಕೂರುವ ಡೆಡ್‌ಲಾಕ್‌ಗೆ ಕಗ್ಗಂಟು. ಪತ್ರಿಕೆಗಳು ಇದನ್ನು ರಾಜಕೀಯಕ್ಕೆ ಸವೆಸಿದ್ದರೂ ಕಡು ಗಂಟು ಎಂಬ ಮೂಲಾರ್ಥ ನಮ್ಮ ಎಳೆಗೆ ಹೇಳಿ ಮಾಡಿಸಿದಂತಿದೆ. ಯೀಲ್ಡ್‌ಗೆ ‘ಸರದಿ ಬಿಡು’. ಜಾಯಿನ್ ಮಾತ್ರ ಮೋಸದ ಪದ. ಇನ್ನೊಂದು ಎಳೆ ಮುಗಿಯುವ ತನಕ ಕಾದು, ಅದರ ಫಲವನ್ನು ಪಡೆದು, ಮುಂದೆ ಸಾಗುವುದು ಅದರ ಕೆಲಸ. ‘ಸೇರು’ ಎಂದರೆ ತಪ್ಪು ಚಿತ್ರ ಬರುತ್ತದೆ. ಮುಗಿದ ನೂಲಿನ ತುದಿಗೆ ಹೊಸ ನೂಲಿನ ತುದಿಯನ್ನು ಬೆರಳಿನಲ್ಲಿ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎಂಬ ಮಾತಿದೆ. ಒಂದರ ಕೊನೆ ಇನ್ನೊಂದರ ಮುಂದುವರಿಕೆಗೆ ತಾಗುವುದರಿಂದ ಹತ್ತಿರವೆನ್ನಿಸುತ್ತದೆ. ಆದರೆ ಈಗಿನ ಓದುಗರಿಗೆ ಕೆಚ್ಚು ಎಂದೊಡನೆ ಕೆಚ್ಚೆದೆ ನೆನಪಾಗುತ್ತದೆಯೇನೋ. ಇಳಕಲ್ಲು, ರಬಕವಿ, ಬನಹಟ್ಟಿ ಕಡೆಯವರು ಈ ಕ್ರಿಯಾಪದವನ್ನು ಮನೆಯಲ್ಲಿ ಇಂದಿಗೂ ಆಡುತ್ತೀರಾ, ದಯವಿಟ್ಟು ತಿಳಿಸಿ.

ಕೊನೆಯದಾಗಿ, ನನಗೆ ತೀರಾ ಬೇಕಾಗಿರುವುದು. ಡಿಸ್ಕಿಗೋ ಚಿಲಕಕ್ಕೋ ಕಾದು ನಿಂತ ಥ್ರೆಡ್ ಬ್ಲಾಕ್ ಆಗಿದೆ ಎನ್ನುತ್ತಾರೆ. ಈ ಪದ ಕೈಪಿಡಿಯ ಪುಟಪುಟದಲ್ಲೂ ಇದೆ. ‘ತಡೆಹಿಡಿಯಲ್ಪಟ್ಟ ಎಳೆ’ ಎಂದು ಬರೆದು ಬರೆದು ಕೈ ಸೋತಿದೆ, ಅದರಲ್ಲಿ ಪೊಲೀಸರ ವಾಸನೆಯೂ ಬರುತ್ತದೆ. ನೇಯುವಾಗ ಲಾಳಿ ಆಚೆ ದಡ ಮುಟ್ಟದೆ ಹಾಸಿನ ನಡುವೆ ನಿಂತುಬಿಡುತ್ತದಲ್ಲ, ಅದಕ್ಕೆ ನಿಮ್ಮ ಮಗ್ಗದ ಮನೆಗಳಲ್ಲಿ ಒಂದೇ ಮಾತಿನಲ್ಲಿ ಏನೆನ್ನುತ್ತಾರೆ? ಅಜ್ಜಿ ಏನೋ ಒಂದು ಅನ್ನುತ್ತಿದ್ದರು, ಅದರ ಹಿಂದೆಯೇ ಒಂದು ಬೈಗುಳ ಸೇರಿಸುತ್ತಿದ್ದರು. ನನಗೆ ಬೈಗುಳ ಮಾತ್ರ ನೆನಪಿದೆ.